ಎರಡರಿಂದ ನಾಲ್ಕರ ಸರದಿ

ನಮ್ಮ ಚರ್ಚಿನವರು ಯಾರಾದರೂ ಹಾಸಿಗೆ ಹಿಡಿದರೆ ಚರ್ಚಿನ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸುತ್ತಾರೆ. ಹಗಲಿಡೀ ರೋಗಿಯ ಪಕ್ಕದ ಕುರ್ಚಿ ಖಾಲಿ ಇರಬಾರದು. ಎರಡೆರಡು ಗಂಟೆ ಒಬ್ಬೊಬ್ಬರು ಕೂರಬೇಕು. ಏಳುವ ಮುಂಚೆ ಏನು ಕುಡಿಸಿದೆ, ಯಾವ ಮಗ್ಗುಲಿಗೆ ಹೊರಳಿಸಿದೆ ಎಂದು ಮಂಚದ ಬಳಿಯ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಮನೆಯವರು ಯಾವ ಹೊತ್ತನ್ನು ತಮ್ಮದು ಎನ್ನುತ್ತಾರೋ ಆ ಹೊತ್ತಿನಲ್ಲಿ ಮಾತ್ರ ಬೇರೆ ಯಾರೂ ಬಾಗಿಲು ತಟ್ಟುವುದಿಲ್ಲ. ಅದು ಮನೆಯವರಿಗೆ ಕೊಡುವ ಮರ್ಯಾದೆಯಂತೆ. ನನ್ನನ್ನು ಕೆಡಿಸಿದ್ದೇ ಆ ಮರ್ಯಾದೆ.

ಅಕ್ಕ ಮಲಗಿ ಎರಡು ವಾರಕ್ಕೆ ಡಾಕ್ಟರು ಕೈಚೆಲ್ಲಿದರು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು, ಸೂಜಿ ಹಿಡಿಯಲು ಕಲಿಸಿದವಳು ಅವಳೇ. ಹಾಳೆಯಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕು ನನ್ನದು ಎಂದು ಬರೆದೆ. ಮೊದಲ ದಿನವೇ ಅವಳು ನನ್ನ ಮುಖ ನೋಡಿ, "ಭಯ ಆಗ್ತಿದೆ ಕಣೇ" ಎಂದಳು. ಹುಟ್ಟಿದಾಗಿನಿಂದ ಯಾವುದಕ್ಕೂ ಹೆದರದವಳು! ನೀರು ತರುತ್ತೇನೆಂದು ಎದ್ದವಳು ಹಿಂದಿನ ಮೆಟ್ಟಿಲಿಳಿದು ಕಾಲಿಗೆ ಬುದ್ಧಿ ಹೇಳಿದೆ. ಪಕ್ಕದ ಬೀದಿಯ ನನ್ನ ಹೊಲಿಗೆ ಅಂಗಡಿಯಲ್ಲಿ ಕೂತು, ಯಾರೂ ಅವಸರ ಮಾಡದ ಅಂಗಿಗಳಿಗೆಲ್ಲ ಕಾಜಾ ಹಾಕಿದೆ. ನಾಲ್ಕಕ್ಕೆ ಐದು ನಿಮಿಷವಿರುವಾಗ ಅದೇ ಹಿಂದಿನ ಮೆಟ್ಟಿಲು ಹತ್ತಿ ವಾಪಸು ಬಂದು, ನಿದ್ದೆಹೋಗಿದ್ದ ಅಕ್ಕನ ಪಕ್ಕದ ಕುರ್ಚಿಯಲ್ಲಿ ಕೂತೆ. ಮರುದಿನವೂ ಅಷ್ಟೇ, ಮೂರು ವಾರವೂ ಅಷ್ಟೇ. ಹೇಡಿತನವೂ ಅಭ್ಯಾಸವಾಗಿಬಿಡುತ್ತದೆ. ಆ ನೋಟ್‌ಬುಕ್ಕನ್ನಂತೂ ನಾನು ಮುಟ್ಟಲೇ ಇಲ್ಲ.

ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಪೋಸ್ಟ್ ತಾತ ನನ್ನ ಕೈ ಹಿಡಿದುಕೊಂಡರು. ಅಂಚೆ ಹಂಚಿ ನಿವೃತ್ತರಾದವರು, ನಾಲ್ಕು ಗಂಟೆಯ ಸರದಿ ಅವರದು.

"ನಿನ್ನ ಹಾಡು ಕೇಳೋಕೇ ಮೂರೂವರೆಗೆ ಬಂದು ಕಿಟಕಿ ಕೆಳಗೆ ನಿಂತ್ಕೋತೀನಮ್ಮ. ಎಷ್ಟು ಚೆನ್ನಾಗಿ ಹಾಡ್ತೀಯ! ನಿನ್ನಂಥ ತಂಗಿ ಎಲ್ಲರಿಗೂ ಸಿಗಲಿ."

ನಾನು ಹಾಡುವುದು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಮುದುಕ ನನ್ನ ಗುಟ್ಟು ಹಿಡಿದು ಚುಚ್ಚುತ್ತಿದ್ದಾನೆ ಎಂದುಕೊಂಡೆ. ಆದರೆ ಅವರ ಕಣ್ಣಲ್ಲಿ ನೀರಿತ್ತು.

ಅಕ್ಕನ ಮನೆಗೆ ಹೋಗಿ ನೋಟ್‌ಬುಕ್ ತೆರೆದೆ. ಎರಡರಿಂದ ನಾಲ್ಕರ ಜಾಗ ಒಂದು ದಿನವೂ ಖಾಲಿ ಇರಲಿಲ್ಲ. ‘ಎರಡು ಚಮಚ ನೀರು. ಎಡ ಮಗ್ಗುಲು. ಅತ್ತಳು. ಕೈ ಹಿಡಿದುಕೊಂಡೆ.’ ಕೈಬರಹ ನನ್ನದೇ. ಅಂಗಡಿಯ ಅಳತೆ ಪುಸ್ತಕದಲ್ಲಿ ಪ್ರತಿ ಗಿರಾಕಿಯ ಲೆಕ್ಕದ ಕೆಳಗೆ ನಾನು ಎಳೆಯುವ ಎರಡು ಗೀಟು ಇಲ್ಲೂ ಇದ್ದವು. ಅಕ್ಕ ನಿದ್ದೆಯಲ್ಲೇ ನಗುತ್ತಿದ್ದಳು.

ಸೋಮವಾರ ಹನ್ನೆರಡರಿಂದ ಎರಡರವರೆಗೆ ಕೂತಿದ್ದ ಬೇಕರಿಯಮ್ಮ ಸೆರಗಿಗೆ ಮೆತ್ತಿದ್ದ ಹಿಟ್ಟು ಕೊಡವಿಕೊಂಡು ಕೆಳಗಿಳಿದರು. ನಾನೂ ಹಿಂದೆಯೇ ಓಡಿ, ಬೀದಿಯಲ್ಲೇ ನಿಲ್ಲಿಸಿ ಎಲ್ಲ ಹೇಳಿಬಿಟ್ಟೆ. ಮುಖಕ್ಕೆ ಉಗಿಯುತ್ತಾರೆ ಎಂದುಕೊಂಡಿದ್ದೆ.

"ಅಯ್ಯೋ ಹುಚ್ಚಿ! ಒಬ್ಬಳೇ ಕೂರೋಕಾಗಲ್ಲ ಅಂತ ಮೊದಲೇ ಬಾಯಿ ಬಿಡೋದಲ್ವಾ? ನಾನು ಇನ್ನೆರಡು ಗಂಟೆ ಕೂತಿದ್ರೆ ನನ್ನ ಒಲೆ ಏನು ಅಳ್ತಿತ್ತಾ? ಹೆದರೋರಿಗೆ ಅಂತಾನೇ ಅಲ್ವಾ ಚರ್ಚು ಇರೋದು? ನಡಿ, ಈಗಲೇ ಹೋಗೋಣ."

"ನೋಟ್‌ಬುಕ್ಕಲ್ಲಿ ಬರೆದೋರು ಯಾರು?"

ಬೇಕರಿಯಮ್ಮ ಶಿಲುಬೆಯ ಗುರುತು ಮಾಡಿಕೊಂಡು ನನ್ನ ಮುಂಗೈ ಹಿಡಿದು ಹೊರಟರು.

ಅರ್ಧ ಮೆಟ್ಟಿಲು ಹತ್ತುವಷ್ಟರಲ್ಲಿ ಒಳಗಿನಿಂದ ಹಾಡು ಕೇಳಿಸಿತು. ನಾವು ಚಿಕ್ಕವರಿದ್ದಾಗ ಅಮ್ಮ ಹೇಳಿಕೊಟ್ಟಿದ್ದ ಕೀರ್ತನೆ. ಬೇಕರಿಯಮ್ಮ ಥಟ್ಟನೆ ನಿಂತು ನನ್ನ ತುಟಿಗಳನ್ನೇ ನೋಡಿದರು. ತುಟಿ ಮುಚ್ಚಿದ್ದವು. ಒಳಗೆ ನನ್ನ ದನಿ ನಿಧಾನವಾಗಿ ಚರಣ ಮುಗಿಸಿ ಸುಮ್ಮನಾಯಿತು. ನನ್ನ ಕೈ ಹಿಡಿದಿದ್ದ ಅವರ ಬೆರಳು ತಣ್ಣಗಾದವು, ಆದರೂ ಕೈ ಬಿಡಲಿಲ್ಲ.

ಬಾಗಿಲು ತಳ್ಳಿದೆವು. ಕುರ್ಚಿ ಖಾಲಿ ಇತ್ತು. ಅಕ್ಕನ ಹೊದಿಕೆ ನೆರಿಗೆಯಿಲ್ಲದೆ ಹೊದೆಸಿತ್ತು, ಕೂದಲು ಬಾಚಿತ್ತು. ಅವಳ ಕಣ್ಣು ಎಷ್ಟೋ ದಿನಗಳ ನಂತರ ತಿಳಿಯಾಗಿತ್ತು.

"ಬನ್ನಿ ಬೇಕರಿಯಮ್ಮ, ಮರೆತು ಏನಾದ್ರೂ ಬಿಟ್ಟು ಹೋದ್ರಾ?" ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಪರಿಚಯವಿಲ್ಲದವರಿಗೆ ನಗುವ ಹಾಗೆ ನಕ್ಕಳು. "ಇವರು ಯಾರು? ಹೊಸಬರಾ?"

"ಅಕ್ಕಾ..." ಎಂದೆ.

"ಸ್ವಲ್ಪ ಮುಂಚೆ ಬಂದಿದ್ರೆ ನನ್ನ ತಂಗಿ ಸಿಗ್ತಿದ್ಲು. ಈಗ ತಾನೇ ಎದ್ದು ಹೋದ್ಲು, ಇನ್ನು ಬರಲ್ವಂತೆ. ದಿನಾ ಬಂದು ಕೂರ್ತಿದ್ಲು ನೋಡಿ, ಒಂದು ದಿನಾನೂ ತಪ್ಪಿಸ್ಲಿಲ್ಲ. ಅವಳಿಂದಾನೇ ನನಗೆ ಭಯ ಹೋಯ್ತು."

ನಾನೇ ನಿನ್ನ ತಂಗಿ ಎಂಬ ಮಾತು ಗಂಟಲವರೆಗೆ ಬಂತು. ಹೇಳಿದರೆ, ಹಾಗಾದರೆ ಅವಳು ಯಾರು ಎಂದು ಅಕ್ಕ ಕೇಳುತ್ತಿದ್ದಳು. ಆಗ ಅವಳ ಭಯ ಮತ್ತೆ ಬರುತ್ತಿತ್ತು. ಬೇಕರಿಯಮ್ಮ ಮೂಲೆಯ ಸ್ಟೂಲ್ ಎಳೆದುಕೊಂಡು ಕುರ್ಚಿಗೆ ಒತ್ತಿ ಕೂತು, ನನ್ನ ಮುಖವನ್ನೇ ನೋಡಿದರು.

"ನಿಂತೇ ಇದ್ದೀರಲ್ಲ, ಕೂತ್ಕೊಳ್ಳಿ" ಎಂದಳು ಅಕ್ಕ.

ಕೂತೆ. ಕುರ್ಚಿ ಇನ್ನೂ ಬೆಚ್ಚಗಿತ್ತು.

"ನಾನು ಚರ್ಚಿನವಳು" ಎಂದೆ. "ಇನ್ಮೇಲೆ ಈ ಹೊತ್ತಿಗೆ ನಾನು ಬರ್ತೀನಿ."

ಅಕ್ಕ ಕೈ ಚಾಚಿದಳು. ನಾನು ಹಿಡಿದುಕೊಂಡೆ.