ಅರಿಶಿನ ಕುಂಕುಮದ ಪತ್ರ

ಗಾವಡಗೆರೆ ಕಡೆಯ ಸಣ್ಣಬೀರಯ್ಯನವರು ತೀರಿಕೊಂಡು ವರ್ಷ ತುಂಬಿತ್ತು. ಅವರ ಮನೆಗೆ ನಾನು ಹೋದದ್ದು ಒಂದು ಭಾನುವಾರ ಮಧ್ಯಾಹ್ನ. ಬಾಡೂಟ ಮುಗಿದಿತ್ತು. ಮಗ ಕನಕರಾಜು ದಿವಾನದ ಮೇಲೆ ಕಾಲು ಚಾಚಿ ಟಿವಿ ನೋಡುತ್ತಿದ್ದ. ತಾಯಿ ಮಲ್ಲಾಜಮ್ಮ ಚಾಪೆಯ ಮೇಲೆ ಎಲೆ ಅಡಿಕೆ ಮೆಲ್ಲುತ್ತಿದ್ದರು. ಮಗಳು ಅನು ಮಾತ್ರ ಪಡಸಾಲೆಯ ಕೊನೆಯಲ್ಲಿ ಹೊಗೆಸೊಪ್ಪಿನ ರಾಶಿಯ ಮುಂದೆ ಕೂತು ಬಣ್ಣ ನೋಡಿ ಎಲೆ ಬೇರ್ಪಡಿಸುತ್ತಿದ್ದಳು.

"ಕೂತ್ಕಳಿ ಶಿವನಂಜಪ್ನೋರೆ, ಇನ್ನೇನ್ ಮುಗೀತದೆ" ಎಂದ ಕನಕರಾಜು.

ಹಳೆಯ ಕಪ್ಪು ಬಿಳುಪು ಸಿನಿಮಾ. ಜೋಡಿದಾರರ ಕಾಲದ ಕಥೆ. ದೊಡ್ಡ ಮನೆಯ ಒಬ್ಬಳೇ ಮಗಳು ಬಡ ಮೇಷ್ಟರೊಬ್ಬನಿಗೆ ಮನಸೋಲುತ್ತಾಳೆ. ಅವನು ಬಂದದ್ದು ಆಸ್ತಿಯ ಆಸೆಗೆ ಎಂದು ಹಟ ಹಿಡಿದ ಅಪ್ಪ ಎಲ್ಲವನ್ನೂ ತಮ್ಮನ ಮಗನಿಗೆ ಬರೆದುಬಿಡುತ್ತಾನೆ. ಅವಳು ಕೊನೆಗೆ ಯಾರದೋ ಜಗಲಿಯ ಮೇಲೆ ಪ್ರಾಣ ಬಿಡುತ್ತಾಳೆ. ಕನಕರಾಜು ಟವೆಲಿನಲ್ಲಿ ಕಣ್ಣೊರೆಸಿಕೊಂಡ.

"ಥೂ! ಹೆಣ್ಮಗಿನ ಪಾಲು ತಿಂದ ನನ್ಮಗ ಉದ್ಧಾರ ಆದಾನಾ?"

ಹೀಗೆಂದವನು ಮೂಗು ಸೀಟಿ, ಟಿವಿ ಆರಿಸಿ, ನನ್ನ ಕೈಗೆ ಒಂದು ಫೈಲು ಕೊಟ್ಟ. ಪಹಣಿ, ವಂಶವೃಕ್ಷ, ಅಪ್ಪನ ಮರಣ ಪತ್ರ. ತಂಗಿಯ ಪಾಲನ್ನು ತನ್ನ ಹೆಸರಿಗೆ ಬಿಡಿಸಿಕೊಳ್ಳಲು ಬೇಕಾದ ಕಾಗದಗಳೆಲ್ಲ ಅದರಲ್ಲಿದ್ದವು. ಕಣ್ಣಿನ ತೇವ ಇನ್ನೂ ಆರಿರಲಿಲ್ಲ.

ನಾನು ನೋಂದಣಿ ಕಚೇರಿಯ ಎದುರು ಕೂರುವ ಪತ್ರ ಬರಹಗಾರ. ನಮ್ಮ ಕಡೆಯ ಪದ್ಧತಿ ಇದು: ಅಪ್ಪ ಸತ್ತ ಮೇಲೆ, ಇಲ್ಲವೇ ಮದುವೆಗೆ ಮುಂಚೆ, ಹೆಣ್ಣುಮಗಳನ್ನು ಕಚೇರಿಗೆ ಕರೆತಂದು 'ಅರಿಶಿನ ಕುಂಕುಮಕ್ಕೆಂದು ಕೊಟ್ಟದ್ದನ್ನು ಪಡೆದು ನನ್ನ ಹಕ್ಕು ಬಿಟ್ಟಿದ್ದೇನೆ' ಎಂದು ರುಜು ಹಾಕಿಸುವುದು. ಅರಿಶಿನ ಕುಂಕುಮ ಎಂದರೆ ಒಂದು ಸೀರೆ, ಮಡಿಲಿಗೆ ನಾಲ್ಕು ಹಿಡಿ ಅಕ್ಕಿ. ಕಾನೂನು ಮಗಳಿಗೂ ಮಗನಷ್ಟೇ ಪಾಲು ಕೊಟ್ಟು ಎಷ್ಟೋ ವರ್ಷವಾಯಿತು. ಆದರೆ ರುಜು ಹಾಕದವಳನ್ನು ಹಬ್ಬಕ್ಕೆ ಕರೆಯುವುದಿಲ್ಲ, ಬಾಣಂತನಕ್ಕೆ ಕರೆತರುವುದಿಲ್ಲ. ಇದನ್ನು ಪ್ರೀತಿ ಎನ್ನುತ್ತಾರೆ! ಇಂಥ ಪತ್ರಗಳನ್ನು ಹತ್ತೊಂಬತ್ತು ವರ್ಷ ಬರೆದೇ ನಾನು ಮನೆ ಕಟ್ಟಿಸಿದ್ದೇನೆ. ಹೇಳಲು ನಾಚಿಕೆಯಾಗುತ್ತದೆ.

ಕನಕರಾಜುವಿಗೆ ಹುಣಸೂರಿನಲ್ಲಿ ಪೈಪಿನ ಅಂಗಡಿ. ಅವನು ಹೊಲಕ್ಕೆ ಕಾಲಿಡದೆ ಎಂಟು ವರ್ಷವಾಗಿತ್ತು. ಅಪ್ಪನಿಗೆ ಲಕ್ವ ಹೊಡೆದಂದಿನಿಂದ ಸಸಿ ನೆಟ್ಟವಳು, ಎಲೆ ಮುರಿಸಿದವಳು, ಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ ಹಾಕಿ ಹದ ಕಾದವಳು ಅನು. ಆ ಬ್ಯಾರನ್ನಿನ ಕೊಳವೆ ರಿಪೇರಿಗೆಂದು ಕೆ.ಆರ್. ನಗರದ ಹೊಸ ಅಗ್ರಹಾರದಿಂದ ಬಂದ ವಸಂತ್ ಎಂಬ ಹುಡುಗನನ್ನು ಅವಳು ಮೆಚ್ಚಿದ್ದಳು. ಅಣ್ಣನಿಗೆ ಅದೇ ಅನುಕೂಲವಾಯಿತು.

"ಅವ್ನು ನಿನ್ ನೋಡಿ ಬಂದಿಲ್ಲ ಕಣವ್ವ, ಹೊಲ ನೋಡಿ ಬಂದವ್ನೆ. ಸಿನಿಮಾದಾಗೆ ಆ ಅಪ್ಪ ಹೇಳಿದ್ದು ಸುಳ್ಳಾ? ಮೊದ್ಲು ಪಾಲು ಬುಟ್ಟು ಸೈನ್ ಹಾಕು. ಆಮೇಲೂ ಅವ್ನು ಕಟ್ಕಂಡ್ರೆ ನಾನೇ ನಿಂತು ಧಾರೆ ಎರೆಸ್ತೀನಿ."

"ಸೈನ್ ಹಾಕ್ದಿದ್ರೆ?" ಎಂದಳು ಅನು.

"ಆಗ ನಿಂಗೂ ನಮಗೂ ಸಂಬಂಧ ಇಲ್ಲ."

ನಾನು ಬಾಯಿ ಹಾಕಿದೆ. "ಹುಡುಗನ್ನ ಪರೀಕ್ಷೆ ಮಾಡೋದಾದ್ರೆ ಮಾಡಪ್ಪ. ಅದಕ್ಕೆ ಅವಳ ಹೊಲ ನಿನ್ನ ಹೆಸರಿಗೆ ಯಾಕೆ ಬರಬೇಕು?"

ಉತ್ತರ ಕೊಟ್ಟವರು ಮಲ್ಲಾಜಮ್ಮ. "ನೀವ್ ಸುಮ್ಕಿರಿ ಸ್ವಾಮಿ. ನಾನೂ ನಮ್ಮಣ್ಣದೀರ್ಗೆ ಬರ್ಕೊಟ್ಟೆ. ನಾನೇನ್ ಸತ್ತೋದ್ನಾ? ಹೆಣ್ಣಿಗೆ ತವರು ಬೇಕು ಕಣ್ರೀ, ಹೊಲ ಅಲ್ಲ."

"ಕೊನೇ ಸಲ ತವರಿಗೆ ಹೋಗಿದ್ದು ಯಾವಾಗಮ್ಮ?"

ಅವರು ಬಾಯಲ್ಲಿದ್ದ ಎಲೆಯನ್ನು ನುಂಗಿಕೊಂಡರು. "ಹನ್ನೊಂದ್ ವರ್ಸ ಆಯ್ತು" ಎಂದು ಎದ್ದು ಒಳಗೆ ಹೋದರು. ಅನು ಅವರ ಬೆನ್ನನ್ನೇ ನೋಡುತ್ತಿದ್ದಳು.

ಆದರೂ ನಾನು ಪತ್ರ ಬರೆದೆ. ನಾನಲ್ಲದಿದ್ದರೆ ಪಕ್ಕದ ಮೇಜಿನವನು ಬರೆಯುತ್ತಾನೆ ಎಂದು ಯಾವತ್ತಿನಂತೆ ಸಮಾಧಾನ ಮಾಡಿಕೊಂಡೆ. ತಂಗಿಯ ಪಾಲು ಮಾತ್ರವಲ್ಲ, ಹೆತ್ತ ತಾಯಿಗೆ ಬರಬೇಕಾದ ಪಾಲನ್ನೂ ಕನಕರಾಜು ಅದರಲ್ಲಿ ಸೇರಿಸಿದ್ದ.

ಗುರುವಾರ ಎಲ್ಲರೂ ಕಚೇರಿಗೆ ಬಂದರು. ಅನುವಿಗೆ ಹೊಸ ಸೀರೆ ಉಡಿಸಿದ್ದರು. ವಸಂತನೂ ಬಂದಿದ್ದ. ಅವನಾದರೂ ಅವಳ ಪರ ನಿಲ್ಲುತ್ತಾನೆಂದು ನಾನು ಆಸೆಪಟ್ಟಿದ್ದೆ. ಅವನು ಎದೆ ಸೆಟೆಸಿ, ಎಲ್ಲರಿಗೂ ಕೇಳುವಂತೆ ಹೇಳಿದ:

"ಹಾಕ್ಬುಡು ಅನು. ನಂಗೆ ನಿಮ್ಮಪ್ಪನ್ ಹೊಲ ಬ್ಯಾಡ. ನಾನು ಆಸ್ತಿಗೆ ಬಂದೋನಲ್ಲ ಅಂತ ಇವ್ರಿಗೂ ಗೊತ್ತಾಗ್ಲಿ."

ಕನಕರಾಜು ಅವನ ಬೆನ್ನು ತಟ್ಟಿದ. ಒಬ್ಬನಿಗೆ ಹೊಲ ದಕ್ಕಿತು, ಇನ್ನೊಬ್ಬನಿಗೆ ಮಾನ ದಕ್ಕಿತು, ಎರಡಕ್ಕೂ ಬೆಲೆ ತೆರಬೇಕಾದವಳು ಅವಳು. ಅಂದಿನಷ್ಟು ಅಸಹ್ಯ ನನಗೆ ಎಂದೂ ಆಗಿರಲಿಲ್ಲ.

ಅನು ವಸಂತನ ಮುಖ ನೋಡಿದಳು.

"ನಿಂಗ್ ಬ್ಯಾಡ್ವಾ? ಸರಿ. ನಂಗೆ ಬೇಕು ಕಣೋ. ಹೊಲ ಇರೋ ನಾನೂ ಬೇಕು ಅನ್ನೋದಾದ್ರೆ ಆ ಬೆಂಚಿನ ಮೇಲೆ ಕೂತಿರು. ಇಲ್ಲಾಂದ್ರೆ ಮನೆಗೋಗು."

ಅಷ್ಟರಲ್ಲಿ ಒಳಗಿನಿಂದ ಹೆಸರು ಕೂಗಿದರು. ಅಧಿಕಾರಿ ಪತ್ರ ತಿರುವಿ ನೋಡಿ, ನಿಯಮದಂತೆ ಕೇಳಿದರು.

"ಯಾರ ಒತ್ತಾಯನೂ ಇಲ್ಲದೆ ಬರೆದುಕೊಡ್ತಾ ಇದ್ದೀಯೇನಮ್ಮ?"

ಇದು ನೂರಾರು ಬಾರಿ ನನ್ನೆದುರು ಕೇಳಿದ ಪ್ರಶ್ನೆ. ತಲೆಯಾಡಿಸದೆ ನಿಂತ ಹೆಣ್ಣನ್ನು ನಾನು ಅಲ್ಲಿಯತನಕ ನೋಡಿರಲಿಲ್ಲ.

"ಇಲ್ಲ ಸರ್. ಒತ್ತಾಯ ಇದೆ. ನಾನು ಬರ್ಕೊಡಲ್ಲ."

"ನಾಚ್ಕಂಡು ಅಂಗಂತಾಳೆ ಸಾ. ಹೆದ್ರುಕೊಂಡವಳೆ" ಎಂದು ಕನಕರಾಜು ಹಲ್ಲು ಕಿರಿದ.

"ನಾಚಿಕೆ ಆಗ್ಬೇಕಾಗಿರೋದು ನಂಗಲ್ಲ ಅಣ್ಣ."

ಅವನು ಸಿಟ್ಟಿನಲ್ಲಿ ತಾಯಿಯ ಕೈ ಹಿಡಿದು ಬೆರಳಚ್ಚಿನ ಯಂತ್ರದ ಕಡೆಗೆ ಎಳೆದ. ಕಡೆಗೆ ಅದಾದರೂ ಸಿಗಲಿ ಎಂಬ ಲೆಕ್ಕ. ಮಲ್ಲಾಜಮ್ಮ ಕೈ ಕೊಸರಿಕೊಂಡು ಸೆರಗಿನೊಳಗೆ ಸೇರಿಸಿಬಿಟ್ಟರು.

"ಬುಡ್ಲಾ ಕೈಯ. ಅವ್ಳು ಒತ್ತಕಿಲ್ಲ ಅಂದ್ಮೇಲೆ ನಾನೂ ಒತ್ತಕಿಲ್ಲ."

ಕಚೇರಿಯ ಮೆಟ್ಟಿಲ ಮೇಲೆ ಕನಕರಾಜು ಊರಿಗೆಲ್ಲ ಕೇಳುವಂತೆ ಕಿರುಚಿದ. "ಇವತ್ತಿಗೆ ಮುಗೀತು! ಇಬ್ರೂ ನನ್ ಮನೆ ಹೊಸ್ಲು ತುಳಿದ್ರೆ ನೋಡಿ!" ತನ್ನ ಕಾರು ಹತ್ತಿ ಬಾಗಿಲನ್ನು ದಡಾರನೆ ಹಾಕಿಕೊಂಡ.

ವಸಂತ್ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತೇ ಇದ್ದ. ಅನು ಅವನ ಕಡೆ ತಿರುಗಲಿಲ್ಲ. ಕಾರಿನ ಹತ್ತಿರ ಹೋಗಿ ಕಿಟಕಿಗೆ ಬಗ್ಗಿ, ದನಿ ಏರಿಸದೆ ಹೇಳಿದಳು:

"ಅದು ನಮ್ ಮೂರೂ ಜನದ ಮನೆ ಅಣ್ಣ. ನಾನೂ ಅವ್ವನೂ ಐದ್ ಗಂಟೆ ಬಸ್ಸಿಗೆ ಬತ್ತೀವಿ. ನೀನು ಮುಂಚೆ ಹೋಯ್ತೀಯಲ್ಲ, ಬ್ಯಾರನ್ನಿಗೆ ಎರಡ್ ಸೌದೆ ಹಾಕಿರು. ಬೆಂಕಿ ಆರಿದ್ರೆ ನನ್ ಸೊಪ್ಪು ಕೆಡ್ತದೆ."