ಹದಿನಾಲ್ಕನೆಯ ಹೆಸರು

ಪಟ್ಟಿ ಮುಗಿಸಿದರೆ ನಿಮಗೆ ಬಿಡುಗಡೆ ಎಂದು ಸಾಹೇಬರು ಹೇಳಿದ್ದರು. ಬಸ್ಸುಗಳ ವೇಳಾಪಟ್ಟಿ ಹಾಕಿಕೊಡುವ ನಮ್ಮ ಪೈಥಾನ್ ಪ್ಯಾಕೇಜನ್ನು, ಅಂದರೆ ಕಂಪ್ಯೂಟರ್ ಪ್ರೋಗ್ರಾಮುಗಳ ಕಟ್ಟನ್ನು, ಇಪ್ಪತ್ತು ಡಿಪೋಗಳು ಬಳಸುತ್ತವೆ. ಅದರೊಳಗೆ ಒಂದೊಂದು ಲೆಕ್ಕ ಮಾಡುವ ನೂರಾರು ಫಂಕ್ಷನ್‌ಗಳಿವೆ. ಹೊರಗಿನವರು ಯಾವುದನ್ನು ತಮ್ಮ ಪ್ರೋಗ್ರಾಮಿಗೆ ಇಂಪೋರ್ಟ್ ಮಾಡಿಕೊಳ್ಳಬಹುದು, ಯಾವುದನ್ನು ಮುಟ್ಟಬಾರದು ಎಂದು ಯಾರೂ ಬರೆದಿಟ್ಟಿರಲಿಲ್ಲ. ಅದನ್ನು ಬರೆದು, ಪ್ರತಿ ಹೆಸರಿಗೂ ವಿವರಣೆ ಕೊಟ್ಟು, ಎಲ್ಲವನ್ನೂ ಮೀಸೆಗೆ ಒಪ್ಪಿಸಿದರೆ ಒಂಬತ್ತು ವರ್ಷ ಕೂತ ಈ ಕುರ್ಚಿಯಿಂದ ನಾನು ಏಳಬಹುದಿತ್ತು.

ಮೀಸೆ ಎಂದರೆ ಪಕ್ಕದ ಮೇಜಿನವನು. ಮೀಸೆ ಬೋಳಿಸಿ ನಾಲ್ಕು ವರ್ಷವಾಯಿತು, ಹೆಸರು ಮಾತ್ರ ಹೋಗಿಲ್ಲ.

ಪಕ್ಕದ ಊರಲ್ಲಿ ಅಕ್ಕ ಪುಸ್ತಕ ಬೈಂಡಿಂಗ್ ಅಂಗಡಿ ತೆರೆಯುತ್ತಿದ್ದಳು. “ತಿಂಗಳ ಕೊನೇವರೆಗೂ ಕಾಯ್ತೀನಿ ಕಣೇ. ಆಮೇಲೆ ಬೇರೆ ಯಾರನ್ನಾದ್ರೂ ಪಾಲಿಗೆ ಸೇರಿಸ್ಕೋತೀನಿ” ಎಂದಿದ್ದಳು. ಅಕ್ಕ ಸುಮ್ಮನೆ ಹೆದರಿಸುವವಳಲ್ಲ.

ಹೊರಗಿನವರಿಗೆ ಕೊಡಬಹುದಾದ ಹದಿಮೂರು ಹೆಸರು ಸಿಕ್ಕವು. ಮೀಸೆ ಹೂಂ ಎಂದ. ಆದರೆ ಅವನನ್ನು ನಂಬುವುದು ಹೇಗೆ? ಇವತ್ತು ಒಂದು ಫಂಕ್ಷನ್ ಬರೆದು ಹೊರಗಿಡುವುದು, ನಾಳೆ ಅದನ್ನೇ ಅಳಿಸಿ ಡಿಪೋದವರ ಬೈಗುಳವನ್ನು ನನ್ನ ತಲೆಗೆ ಕಟ್ಟುವುದು ಅವನ ಚಾಳಿ. ಅದಕ್ಕೇ ಪಟ್ಟಿಯ ಕೆಳಗೆ ಒಂದು ನಿಯಮ ಸೇರಿಸಿದೆ: ಇನ್ನು ಮುಂದೆ ಪಟ್ಟಿಗೆ ಸೇರುವ ಹೆಸರನ್ನು ಎರಡು ವರ್ಷ ತೆಗೆಯುವಂತಿಲ್ಲ, ಅಷ್ಟೂ ದಿನ ಆ ಫಂಕ್ಷನ್ ಬರೆದವರೇ ಅದನ್ನು ನೋಡಿಕೊಳ್ಳಬೇಕು. ಸಾಹೇಬರು ಖುಷಿಯಿಂದ ರುಜು ಹಾಕಿದರು. ನನಗೂ ಒಳಗೊಳಗೇ ಹಿಗ್ಗು.

ಉಳಿದ ಫಂಕ್ಷನ್‌ಗಳ ಹೆಸರಿನ ಮುಂದೆ ಒಂದು ಅಡಿಗೆರೆ ಹಾಕಿದೆ. ಅಡಿಗೆರೆ ಇದ್ದರೆ ಕಚೇರಿಯೊಳಗಿನವರ ಬಳಕೆಗೆ ಮಾತ್ರ ಎಂದರ್ಥ; ಹಳೆಯ ಹೆಸರಿನಿಂದ ಕರೆದರೆ ಇನ್ನು ಅದು ಸಿಗುವುದಿಲ್ಲ. ಸೋಮವಾರ ಹೊಸ ಆವೃತ್ತಿಯನ್ನೂ ಪಟ್ಟಿಯನ್ನೂ ಎಲ್ಲ ಡಿಪೋಗಳಿಗೆ ಕಳಿಸಿ, ಮೇಜಿನ ಖಾನೆಯಲ್ಲಿದ್ದ ಬಾಚಣಿಗೆ, ತಲೆನೋವಿನ ಮಾತ್ರೆ ಎಲ್ಲ ಚೀಲಕ್ಕೆ ಹಾಕಿಕೊಂಡೆ.

ಮಂಗಳವಾರ ಬೆಳಗ್ಗೆ ಫೋನು ಬಡಿದುಕೊಳ್ಳತೊಡಗಿತು. ಹನ್ನೊಂದು ಡಿಪೋಗಳದು ಒಂದೇ ದೂರು: ‘ತತ್ಕಾಲ’ ಎಂಬ ಫಂಕ್ಷನ್ ಸಿಗುತ್ತಿಲ್ಲ.

“ಅದು ಒಳಗಿನದು ಕಣ್ರೀ! ನಿಮಗೆ ಯಾರು ತೋರಿಸಿದ್ರು?” ಎಂದು ರೇಗಿದೆ.

“ನೀವೇ ಕಳಿಸಿದ ಮಾದರೀಲಿ ಇತ್ತಲ್ಲಮ್ಮ” ಎಂದರು ಡಿಪೋದ ಗುಮಾಸ್ತರು.

ಏಳು ವರ್ಷದ ಹಿಂದೆ, ಊಟಕ್ಕೆ ಹೊರಡುವ ಗಡಿಬಿಡಿಯಲ್ಲಿ, ಒಂದು ಡಿಪೋಗೆ ಐದು ಸಾಲಿನ ಮಾದರಿ ಬರೆದು ಕಳಿಸಿದ್ದೆ. ಮೊದಲ ಸಾಲೇ, ನಾನೇ ಬರೆದಿದ್ದ ತತ್ಕಾಲದ ಇಂಪೋರ್ಟು. ಒಬ್ಬರಿಂದ ಒಬ್ಬರು ಕಣ್ಣುಮುಚ್ಚಿ ನಕಲು ಮಾಡಿಕೊಂಡಿದ್ದರು. ತಪ್ಪು ನನ್ನದೇ. ಆ ಊಟದಲ್ಲಿ ಏನಿತ್ತು ಎಂಬುದೂ ಈಗ ನೆನಪಿಲ್ಲ.

“ಇದನ್ನೂ ಪಟ್ಟಿಗೆ ಸೇರಿಸಿ. ಬಸ್ಸು ನಿಲ್ಸೋಕಾಗತ್ತಾ?” ಎಂದರು ಸಾಹೇಬರು.

“ಸೇರಿಸ್ತೀನಿ ಸಾರ್. ಇವ್ರು ನೋಡ್ಕೊಳ್ಲಿ” ಎಂದು ಮೀಸೆಯತ್ತ ಕೈ ತೋರಿಸಿದೆ.

ಮೀಸೆ ಪಟ್ಟಿಯ ಕೊನೆಗೆ ಬೆರಳಿಟ್ಟ. “ಬರೆದವರೇ ಅಂತಿದೆ ಮೇಡಂ. ಇದನ್ನ ಬರ್ದಿದ್ದು ನಾನಲ್ಲ.” ಅವನು ನಗಲಿಲ್ಲ. ನಕ್ಕಿದ್ದರೆ ಜಗಳವನ್ನಾದರೂ ಆಡುತ್ತಿದ್ದೆ.

“ನಿಯಮ ತೆಗೆದುಬಿಡೋಣ ಸಾರ್” ಎಂದೆ.

“ಎಲ್ಲ ಡಿಪೋಗೂ ಹೋಗಿದೆಯಲ್ಲಮ್ಮ. ಚೆನ್ನಾಗಿದೆ ಅಂತ ಇಮೇಲೂ ಬರ್ದಿದಾರೆ.”

ವಿವರಣೆ ಬರೆಯಲು ಕೂತೆ. ತತ್ಕಾಲ ಪ್ರತಿ ಪ್ರಯಾಣಕ್ಕೆ ಏಳು ನಿಮಿಷ ಕೂಡಿಸುತ್ತದೆ. ಯಾಕೆ? ಬರೆದ ನನಗೇ ಗೊತ್ತಿಲ್ಲ. ಆಗ ಯಾವುದೋ ರಸ್ತೆ ಅಗೆದಿದ್ದಿರಬೇಕು. ಈಗ ಹನ್ನೊಂದು ಡಿಪೋಗಳ ಚಾಲಕರು ಆ ಏಳು ನಿಮಿಷವನ್ನು ನಂಬಿ ಮನೆ ಬಿಡುತ್ತಾರೆ. ನನ್ನ ಮೇಲೆ ನನಗೇ ಪಿತ್ತ ನೆತ್ತಿಗೇರಿತು. ಕೊನೆಯ ಖಾನೆ ಖಾಲಿಯಿತ್ತು: ಎರಡು ವರ್ಷ ನೋಡಿಕೊಳ್ಳುವವರು.

ಅಷ್ಟರಲ್ಲಿ ಅಕ್ಕನ ಫೋನು. “ಅಂಗಡಿ ಬೋರ್ಡು ಬರೆಸೋಕೆ ಬಂದಿದೀನಿ. ಬಣ್ಣ ಕಲಸಾಯ್ತು. ನಿನ್ನ ಹೆಸರೂ ಹಾಕಿಸ್ಲಾ?”

“ಬೇಡಕ್ಕಾ” ಎಂದೆ. “ನಿನ್ನೊಬ್ಬಳದೇ ಹಾಕ್ಸು.”

ಅತ್ತಲಿಂದ ಅವಳು ಪೇಂಟರಿಗೆ “ಒಂದೇ ಹೆಸರು” ಎಂದು ಹೇಳಿದ್ದು ಕೇಳಿಸಿತು. ಫೋನು ಕೆಳಗಿಟ್ಟು, ಖಾಲಿ ಖಾನೆಯಲ್ಲಿ ನನ್ನ ಹೆಸರು ಬರೆದೆ.