ಮರಳಿನ ಮೇಲಿನ ಕೆನೆ

"ಇದೇನೇ, ಹೊಳೆಯ ದಡಾನ ಕಬ್ಬಿನ ಹಾಗೆ ಸೀಳಿಟ್ಟಿದ್ದೀಯ?"

ಊಟದ ಡಬ್ಬಿ ಹಿಡಿದು ಬಂದ ಅಪ್ಪ ಪ್ರಯೋಗಾಲಯದ ಬಾಗಿಲಲ್ಲೇ ನಿಂತಿದ್ದ. ಮೇಜಿನ ಮೇಲೆ ಉದ್ದಕ್ಕೆ ಸೀಳಿದ ಕೊಳವೆ. ಅದರೊಳಗೆ ಹೊಳೆದಂಡೆಯ, ಕೆಳಗಿನ ಓಣಿಯ ಪಕ್ಕದ ಬಯಲಿನ ಮಣ್ಣು. ಅಡಿಯಲ್ಲಿ ಹಳೆಯ ವರ್ಷಗಳು, ಮೇಲೆ ಹೊಸವು, ನಡುನಡುವೆ ಮರಳಿನ ಪಟ್ಟೆ. ಮಗಳು ಬಿಗಿದ ತಂತಿಯಿಂದ ಮಣ್ಣನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ದು ಪೊಟ್ಟಣಕ್ಕೆ ತುಂಬುತ್ತಿದ್ದಳು. ಮರಳು ಬಂದಾಗ ಮಾತ್ರ ಅದನ್ನೂ ಅದಕ್ಕೆ ಅಂಟಿದ ತೆಳು ಮಣ್ಣನ್ನೂ ಒಟ್ಟಿಗೇ ಬಕೆಟ್ಟಿಗೆ ಬಳಿದು ಹಾಕುತ್ತಿದ್ದಳು.

ಅವಳ ಕಚೇರಿಯ ಸಾಹೇಬರಿಗೆ ಆತುರ. ಮಣ್ಣಿನಲ್ಲಿ ಸೀಸ ಸಿಗದಿದ್ದರೆ ಬಯಲಿನ ಬೇಲಿ ಕೀಳಬೇಕು. ಕೆಳಗಿನ ಓಣಿಯ ಮಕ್ಕಳ ರಕ್ತದಲ್ಲಿ ಸೀಸ ಕಂಡ ಮೇಲೆ ಹಾಕಿದ ಬೇಲಿ ಅದು. ಸೀಸ ಬಯಲಿನದಲ್ಲ, ಅವರ ಮನೆಯ ಗೋಡೆಯ ಬಣ್ಣದ್ದು ಎಂದು ಬ್ಯಾಟರಿ ಕಾರ್ಖಾನೆಯ ವಕೀಲ ಹೇಳಿದ್ದ. ಆ ತಗಡಿನ ಮನೆಗಳಿಗೆ ಬಣ್ಣ ಎಲ್ಲಿದೆ ಎಂದು ಅವನನ್ನು ಒಬ್ಬರೂ ಕೇಳಲಿಲ್ಲ. ಈವರೆಗಿನ ಪೊಟ್ಟಣಗಳೂ ಅವನ ಪರವಾಗಿಯೇ ಇದ್ದವು. ಸೀಸ ಇದ್ದೂ ಇಲ್ಲದಷ್ಟು.

"ನಾನು ಮೊದಲೇ ಹೇಳಲಿಲ್ವಾ?" ಅಪ್ಪ ಎದೆ ಉಬ್ಬಿಸಿದ. ಕಾರ್ಖಾನೆ ಮುಚ್ಚುವ ತನಕ ಅಲ್ಲಿನ ಕೊಳೆನೀರಿನ ಹೊಂಡ ಕಾಯ್ದವನು ಅವನು. "ಒಂದು ಹನಿ ಹೊಳೆಗೆ ಬಿಟ್ಟೋನಲ್ಲ ನಾನು. ಅದಿರಲಿ, ಆ ಮರಳು ಯಾಕೆ ಎಸೀತೀಯ?"

"ಅದು ನೆರೆ ತಂದಿದ್ದು ಅಪ್ಪ. ಎಲ್ಲಿಂದಲೋ ಹೊತ್ಕೊಂಡು ಬಂದಿರುತ್ತೆ. ನೆರೆ ನಮಗೆ ಲೆಕ್ಕಕ್ಕಿಲ್ಲ. ಎಲ್ಲಾ ಕಡೆ ಹೀಗೇ ಮಾಡ್ತಾರೆ."

ಅಪ್ಪ ಹೊಟ್ಟೆ ಹಿಡಿದು ನಕ್ಕ. "ನಮ್ಮ ಮ್ಯಾನೇಜರೂ ಇದನ್ನೇ ಅಂತಿದ್ದ ಕಣೇ! ನೆರೆ ನೀರಲ್ಲಿ ಬಿಟ್ಟಿದ್ದು ಲೆಕ್ಕಕ್ಕಿಲ್ಲ, ಬೇಗ ತೆಗೆಯೋ ಅಂತ."

ತಂತಿ ಮಣ್ಣಿನೊಳಗೇ ನಿಂತಿತು.

"ಏನು ತೆಗೆಯೋದು?"

"ಹೊಂಡದ ಬಾಗಿಲು. ವರ್ಷವಿಡೀ ತುಂಬಿಸಿಡೋದು, ಹೊಳೆ ಉಕ್ಕಿದ ದಿನ ಖಾಲಿ ಮಾಡೋದು. ರೈನ್‌ಕೋಟು ನನಗೊಬ್ಬನಿಗೇ ಯಾಕೆ ಕೊಟ್ರು ಅಂದ್ಕೊಂಡೆ? ನನ್ನ ಮುಖದ ಚೆಂದ ನೋಡಿಯಾ?"

ಆ ಹಳದಿ ರೈನ್‌ಕೋಟು ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿತ್ತು. ಚಿಕ್ಕವಳಿದ್ದಾಗ ಅದರೊಳಗೆ ಹೊಕ್ಕು ಬೀದಿಯೆಲ್ಲ ಮೆರೆದಿದ್ದಳು. ಈ ಕೊಳವೆಯನ್ನು ಬಯಲಿನ ನೆಲಕ್ಕೆ ಇಳಿಸಿದ ದಿನವೂ ಅದನ್ನೇ ತೊಟ್ಟಿದ್ದಳು.

ಅವಳು ಬಕೆಟ್ಟಿನೊಳಗೆ ನೋಡಿದಳು. ಮರಳು ಸೀಸ ಹಿಡಿಯುವುದಿಲ್ಲ, ಅದು ನಿಜ. ಆದರೆ ನೆರೆ ಇಳಿಯುವಾಗ ನಿಂತ ನೀರಿನಿಂದ ನುಣ್ಣನೆಯ ಮಣ್ಣು ಕೆಳಗೆ ಕೂರುತ್ತದೆ, ಮರಳಿನ ಮೇಲೆ ಕೆನೆ ಕಟ್ಟಿದ ಹಾಗೆ. ಸೀಸ ಹಿಡಿಯುವುದು ಆ ಕೆನೆ. ಅದನ್ನೇ ಬಳಿದು ಬಿಸಾಕಿದ್ದಳು.

"ನೆರೆ ಇಳಿದ ಮೇಲೆ ಕೆಸರು ಎಲ್ಲಿ ನಿಲ್ತಿತ್ತು?"

"ಇನ್ನೆಲ್ಲಿ, ಇದೇ ಬಯಲಲ್ಲಿ. ಹುಡುಗರಿಗೆ ಹಬ್ಬ. ಅದರಲ್ಲೇ ಬೊಂಬೆ ಮಾಡ್ಕೊಂಡು, ಬಾಯಿಗೆ..."

ಅಪ್ಪ ಡಬ್ಬಿಯನ್ನು ಮೇಜಿನ ತುದಿಗಿಟ್ಟು ಸ್ಟೂಲಿನ ಮೇಲೆ ಕೂತ.

"ಎಲ್ಲಾ ಸಮುದ್ರಕ್ಕೆ ಹೋಗುತ್ತೆ ಅಂದಿದ್ರಲ್ಲೇ ಕಾರ್ಖಾನೆಯೋರು."

"ಅಂದಿರ್ತಾರೆ."

"ನೀನು ಇದನ್ನ ಬರೆದ್ರೆ, ಬಾಗಿಲು ತೆಗೆದೋನು ಯಾರು ಅಂತ ಕೇಳ್ತಾರೆ. ಕೆಳಗಿನ ಓಣಿಯೋರು ಇವತ್ತಿಗೂ ನನ್ನನ್ನ ಅಣ್ಣ ಅಂತಾರೆ ಕಣೇ. ತೆಗೆ ಅಂದೋನು ಎಲ್ಲೋ ಬಂಗಲೆ ಕಟ್ಕೊಂಡು ಆರಾಮಾಗಿದಾನೆ. ಅವನನ್ನ ಯಾರು ಕೇಳ್ತಾರೆ?"

"ನಾನು ಕೇಳ್ತೀನಿ. ಆದ್ರೆ ನೀನು ಬಾಯಿ ಬಿಡದೆ ಹೇಗೆ ಕೇಳ್ಲಿ ಅಪ್ಪ?"

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಸಾಹೇಬರ ದನಿ ಅಪ್ಪನಿಗೂ ಕೇಳುವಷ್ಟು ಜೋರಾಗಿತ್ತು. "ಏನಮ್ಮಾ, ಮುಗೀತಾ? ನಾಳೆ ಬೇಲಿ ಕೀಳೋಕೆ ಆಳುಗಳಿಗೆ ಹೇಳಿಬಿಡ್ಲಾ?"

"ಬೇಡಿ ಸಾರ್. ಇನ್ನೊಂದು ಅರ್ಧ ಕೊಯ್ಯೋದಿದೆ."

ಫೋನು ಇಟ್ಟು ತಣ್ಣನೆಯ ಕೋಣೆಗೆ ಹೋದಳು. ಸೀಳಿದ ಕೊಳವೆಯ ಒಂದು ಅರ್ಧವನ್ನು ಕೊಯ್ಯುತ್ತಾರೆ. ಇನ್ನೊಂದನ್ನು ಯಾರೂ ಮುಟ್ಟದಂತೆ ಅಲ್ಲಿ ಇಟ್ಟಿರುತ್ತಾರೆ. ಅದನ್ನು ಎದೆಗವಚಿಕೊಂಡು ತರುವಾಗ ಅಪ್ಪ ಎದ್ದು ಹೋಗಿರುತ್ತಾನೆ ಎಂದೇ ಅಂದುಕೊಂಡಿದ್ದಳು. ಹೋಗಿರಲಿಲ್ಲ. ಗೋಡೆಯ ಕಡೆ, ರೈನ್‌ಕೋಟಿಗೆ ಬೆನ್ನು ಮಾಡಿ ಕೂತಿದ್ದ.

ಪೆಟ್ಟಿಗೆಯಿಂದ ಒಂದು ಜೊತೆ ರಬ್ಬರ್ ಗ್ಲೌಸು ಎಳೆದು ಅವನ ಮುಂದಿಟ್ಟಳು.

ಅಪ್ಪ ಅವನ್ನು ತಿರುಗಿಸಿ ಮುರುಗಿಸಿ ನೋಡಿದ. "ಅಲ್ಲಿ ಇದೊಂದು ಕೊಡಲಿಲ್ಲ ನೋಡು," ಅಂದ. ತೊಡಲು ಹೋದರೆ ಎರಡು ಬೆರಳು ಒಂದೇ ತೂತಿಗೆ ಹೋದವು. ಮಗಳು ಬಿಡಿಸಿ ಸರಿಮಾಡಿದಳು.

"ಮರಳಿನ ಮೇಲೆ ಕಪ್ಪು ಗೆರೆ ಇದೆಯಲ್ಲ, ಅದು ಅಲ್ಲಾಡಬಾರದು."

ಅಪ್ಪ ಬಗ್ಗಿ ನೋಡಿದ. ಒಂದೊಂದೇ ಗೆರೆಯ ಮೇಲೆ ಕಣ್ಣು ಇಳಿದು ಇಳಿದು ತಳ ಮುಟ್ಟಿತು. ಆಮೇಲೆ, ತುಂಬಿದ ಹಾಲಿನ ಬಟ್ಟಲು ಎತ್ತುವವನ ಹಾಗೆ, ಎರಡೂ ಕೈಯಿಂದ ಕೊಳವೆಯನ್ನು ಹಿಡಿದು ಉಸಿರು ಬಿಗಿಹಿಡಿದ.

"ಕೊಯ್ಯಿ."